ಹಸಿರು ಬೆಳಕು ಅಳೆದ ಸಕ್ಕರೆ

ಮಾನ್ಯ ಹಸಿರು ಬೆಳಕಿನವರೇ,

ನಮ್ಮ ಯಜಮಾನರ ಮಣಿಕಟ್ಟಿನಲ್ಲಿ ವಾಚಿನ ರೂಪದಿಂದ ವಾಸವಾಗಿದ್ದು, ಚರ್ಮದೊಳಗೆ ಬೆಳಕು ಹಾಯಿಸಿ, ಒಂದು ತೊಟ್ಟು ರಕ್ತವನ್ನೂ ಬೇಡದೆ ಸಕ್ಕರೆಯ ಪ್ರಮಾಣ ಸಾರುತ್ತಿದ್ದ ತಮ್ಮ ಪಾದಗಳಿಗೆ, ಪಾದಗಳಿಲ್ಲದಿದ್ದರೆ ಪಟ್ಟಿಗೆ, ಇಚಿಲಂಪಾಡಿಯ ನಿವೃತ್ತ ಶಿಕ್ಷಕಿ ದುಗ್ಗಮ್ಮಳ ನಮಸ್ಕಾರಗಳು.

ಯಜಮಾನರಾದ ಮಾಯಿಲಪ್ಪನವರು ಕಾಡಾನೆ ಇಳಿದಾಗ ಗರ್ನಾಲು ಪಟಾಕಿ ಸಿಡಿಸಿ ಎದುರು ನಿಲ್ಲುವವರಾದರೂ, ಬೆರಳಿಗೆ ಚುಚ್ಚುವ ಸೂಜಿ ಕಂಡರೆ ಬಚ್ಚಲು ಸೇರಿ ಚಿಲಕ ಹಾಕಿಕೊಳ್ಳುವವರು. ಈ ಸಂಕಟ ನೋಡಲಾರದೆ ನನ್ನ ತಮ್ಮನ ಮಗ ಲತೀಶ್ ತಮ್ಮನ್ನು ಆನ್‌ಲೈನಿನಲ್ಲಿ ತರಿಸಿ, "ಮಾವ, ಇನ್ನು ಚುಚ್ಚುದೇ ಬೇಡ" ಎಂದು ಕಟ್ಟಿದ.

ತಮ್ಮ ಔದಾರ್ಯವನ್ನು ಎಷ್ಟು ಹೊಗಳಲಿ! ಬೆಳಿಗ್ಗೆ ಖಾಲಿ ಹೊಟ್ಟೆಗೆ ನೂರೆಂಟು ಎಂದಿರಿ. ನೆರೆಮನೆಯ ಗೃಹಪ್ರವೇಶದ ಊಟದಲ್ಲಿ ಹೋಳಿಗೆಯ ಮೇಲೆ ಪಾಯಸ ಸುರಿದುಕೊಂಡು ಉಂಡ ಮೇಲೂ ನೂರೆಂಟೇ ಎಂದಿರಿ. ಇಂಥ ಸ್ಥಿತಪ್ರಜ್ಞತೆಯನ್ನು ಶಾಲೆ ತಪಾಸಣೆಗೆ ಬಂದ ಯಾವ ಅಧಿಕಾರಿಯಲ್ಲೂ ನಾನು ಕಂಡಿರಲಿಲ್ಲ. ತಮ್ಮ ಭರವಸೆಯ ಮೇಲೆ ಯಜಮಾನರು ಮಾತ್ರೆ ಬಿಟ್ಟರು, ಬಾಯಾರಿದರೆ ಸೆಕೆಯನ್ನು ದೂರಿದರು, ನಾನು ಗೊಣಗಿದರೆ ತಮ್ಮನ್ನೇ ನನ್ನ ಮೂಗಿನ ಮುಂದೆ ಹಿಡಿದರು.

ಮಗಳು ದೀಕ್ಷಿತಾಳನ್ನು ರೈಲು ಹತ್ತಿಸಲು ನೆಟ್ಟಣ ಸ್ಟೇಶನಿಗೆ ಹೋದ ದಿನ ಅವರ ಉಸಿರು ಏರತೊಡಗಿತು. "ಎಂತ ಆಗುದು ನಿಮಗೆ?" ಎಂದು ಕೇಳಿದರೆ, "ನೂರೆಂಟು ಉಂಟು ಮಾರಾಯ್ತಿ, ಎಂತ ಹೆದರುದು?" ಎನ್ನುತ್ತಲೇ ಬೆಂಚಿನಿಂದ ಜಾರಿದರು. ದೀಕ್ಷಿತಾ ಕರೆದದ್ದೂ ನೂರೆಂಟನ್ನೇ. ಆದರೆ ಅದು ಆ್ಯಂಬುಲೆನ್ಸು, ಕರೆದಾಗ ಬಂತು.

ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಆಫ್ರಾ ಬೆರಳು ಚುಚ್ಚಿ, ಒಂದು ತೊಟ್ಟು ರಕ್ತವನ್ನು ಪುಟ್ಟ ಯಂತ್ರಕ್ಕೆ ಕುಡಿಸಿದರು. ಯಂತ್ರ ಅಂಕಿ ತೋರಿಸದೆ ಇಂಗ್ಲಿಷಿನ ಎರಡೇ ಅಕ್ಷರದಲ್ಲಿ 'ಹಾಯ್' ಎಂದಿತು. ಬಹಳ ದಿನಕ್ಕೆ ಸಿಕ್ಕವರನ್ನು ಮಾತಾಡಿಸುತ್ತಿದೆ ಎಂದುಕೊಂಡೆ. ಅದು 'ಹೈ' ಎಂಬುದರ ಮೊಟಕು, ತನ್ನಿಂದ ಎಣಿಸಲಾಗದಷ್ಟು ಹೆಚ್ಚು ಎಂದು ಅದರರ್ಥವಂತೆ. "ಬೆಳಕಿನಿಂದ ಸಕ್ಕರೆ ಅಳೆಯುವ ದಾರಿಯನ್ನು ವಿಜ್ಞಾನಿಗಳು ಇನ್ನೂ ಹುಡುಕುತ್ತಾ ಇದ್ದಾರೆ ಅಮ್ಮ. ಚರ್ಮ, ನೀರು, ಬೆವರು ಎಲ್ಲ ಸೇರಿ ಬೊಬ್ಬೆ ಹಾಕುವಾಗ ಸಕ್ಕರೆಯ ಪಿಸುಮಾತು ಕೇಳುದು ಸುಲಭ ಅಲ್ಲ. ಇಂಥದ್ದನ್ನು ನಂಬಿ ಮಾತ್ರೆ ಬಿಡುದಾ?" ಎಂದರು ಡಾಕ್ಟರು.

ಯಜಮಾನರನ್ನು ಐಸಿಯುವಿನ ಒಳಗೆ ಮಲಗಿಸಿ ತಮ್ಮನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಯಾರ ಮಣಿಕಟ್ಟಿನಲ್ಲೂ ಇಲ್ಲದಿದ್ದರೂ ತಾವು ಮಿನುಗುತ್ತಲೇ ಇದ್ದಿರಿ. ಆಗ ನನಗೆ ಬಂದ ಸಿಟ್ಟಿಗೆ ಸಭ್ಯ ಕನ್ನಡದಲ್ಲಿ ಪದಗಳಿಲ್ಲ, ತುಳುವಿನಲ್ಲಿವೆ, ಬರೆಯುವುದಿಲ್ಲ.

ಅವರು ಬದುಕಿ ಮನೆಗೆ ಬಂದಿದ್ದಾರೆ. ಈಗ ಕಾಫಿಗೆ ಮೊದಲು ತಾವಾಗಿಯೇ ಬೆರಳು ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿ, "ಚುಚ್ಚು, ಬೇಗ ಚುಚ್ಚು" ಎನ್ನುತ್ತಾರೆ. ಆ ಕೆಂಪು ತೊಟ್ಟು ಕಂಡಾಗಲೆಲ್ಲ ಆ ಕೈಯನ್ನು ಬೇಗ ಬಿಡಲು ನನಗೆ ಮನಸ್ಸಾಗುವುದಿಲ್ಲ.

ಆದ್ದರಿಂದ ಇನ್ನು ಮುಂದೆ ಸುಳ್ಳು ಹೇಳುವಾಗ ತಾವು ಹಸಿರು ಬಿಟ್ಟು ನಾಚಿಕೆಯಿಂದ ಕೊಂಚ ಕೆಂಪಗಾಗಬೇಕೆಂದೂ, ವಿಜ್ಞಾನಿಗಳ ಹುಡುಕಾಟ ಮುಗಿಯುವವರೆಗೆ ಗಂಟೆ ಎಷ್ಟಾಯಿತೆಂದು ಮಾತ್ರ, ಅದನ್ನಾದರೂ ಸರಿಯಾಗಿ, ತಿಳಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ಹೆಸರಿಗಷ್ಟೇ ಇನ್ನೂ ತಮ್ಮ ವಿಶ್ವಾಸಿ,
ದುಗ್ಗಮ್ಮ

ವಿ.ಸೂ.: ಈ ಪತ್ರ ಬರೆಯುವ ಮೊದಲು ತಮ್ಮನ್ನು ಅಡುಗೆಮನೆಯಲ್ಲಿದ್ದ ಹಲಸಿನ ಹಣ್ಣಿನ ತೊಟ್ಟಿಗೆ ಕಟ್ಟಿ ನೋಡಿದೆ. ನೂರ ನಾಲ್ಕು ಎಂದಿರಿ. ತಮ್ಮ ಲೆಕ್ಕದಲ್ಲಿ ನಮ್ಮ ಯಜಮಾನರಿಗಿಂತ ಹಲಸಿನ ಹಣ್ಣೇ ಪಥ್ಯದಲ್ಲಿದೆ.