ಒತ್ತಡ ಏರ್ತಿದೆ, ಕ್ಯಾಪ್ಟನ್!

ನೂರಾ ನಲವತ್ತು ಕಂತುಗಳಲ್ಲಿ ಒಂದೇ ಒಂದು ಮಾತಾಡಿ ಮನುಷ್ಯ ಬದುಕಿರಬಹುದು ಎಂಬುದಕ್ಕೆ ಆ ಮನೆಯ ಅಳಿಯ ಜೀವಂತ ಸಾಕ್ಷಿಯಾಗಿದ್ದ. ಟೀವಿಯ ಬಾಹ್ಯಾಕಾಶ ಧಾರಾವಾಹಿಯಲ್ಲಿ ಅವನು ನೌಕೆಯ ಸಹಾಯಕ ಎಂಜಿನಿಯರು. ನೌಕೆಗೆ ಎಂಥ ಆಪತ್ತೇ ಬರಲಿ, ಕೆಂಪು ದೀಪದ ಮುಂದೆ ನಿಂತು, ಹುಬ್ಬು ಗಂಟಿಕ್ಕಿ, "ಒತ್ತಡ ಏರ್ತಿದೆ, ಕ್ಯಾಪ್ಟನ್!" ಎನ್ನಬೇಕು. ಉಳಿದದ್ದನ್ನು ಕ್ಯಾಪ್ಟನ್ ನೋಡಿಕೊಳ್ಳುತ್ತಿದ್ದ. ಪಾತ್ರಕ್ಕೊಂದು ಹೆಸರೂ ಇರಲಿಲ್ಲ. ಆ ಕೊರತೆಯನ್ನು ಬೀದಿಯವರು ನೀಗಿಸಿ ಅವನನ್ನೇ 'ಒತ್ತಡ' ಎಂದು ಕರೆಯುತ್ತಿದ್ದರು. (ಹಾಲಿನವನು ಮಾತ್ರ ಮರ್ಯಾದಸ್ಥ. 'ಒತ್ತಡದವರೇ' ಎನ್ನುತ್ತಿದ್ದ.)

"ನನ್ನೊಳಗೆ ಒಂದು ಸಮುದ್ರವೇ ಇದೆ," ಎಂದು ಅವನು ದಿನಾ ಊಟದ ಮೇಜಿನ ಮುಂದೆ ಘೋಷಿಸುತ್ತಿದ್ದ. "ಚಮಚದಲ್ಲಿ ಮೊಗೀತಿದಾರೆ. ನಾನು ಅಳೋದನ್ನ ಯಾರಾದ್ರೂ ನೋಡಿದಾರಾ?"

"ನಾನು ದಿನಾ ನೋಡ್ತಿದೀನಲ್ರೀ," ಎಂದಳು ಹೆಂಡತಿ. ಅವಳು ದಂತವೈದ್ಯರಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವವಳು. ಯಾರದೋ ಕೆಳದವಡೆಯನ್ನು ಕೈಯಲ್ಲಿ ಹಿಡಿದು ಅರದಿಂದ ಉಜ್ಜುತ್ತಿದ್ದಳು.

ಅತ್ತೆ ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು. ಪತ್ರಿಕೆಯಿಂದ ತಲೆಯೆತ್ತದೆ ಕೇಳಿದರು: "ಮೂರು ವರ್ಷದಿಂದ ಒತ್ತಡ ಏರ್ತಾನೇ ಇದೆಯಲ್ಲ ಅಳಿಯಂದಿರೇ, ಆ ನೌಕೆ ಯಾವತ್ತೋ ಸಿಡೀಬೇಕಿತ್ತು. ಒಂದ್ಸಲವಾದ್ರೂ 'ಇಳೀತು' ಅನ್ನಬಾರದಾ?"

ಅಳಿಯನ ತಲೆಯಲ್ಲಿ ದೀಪ ಹೊತ್ತಿದ್ದು ಆಗಲೇ. ಒಂದು ವಾರ ಕೂತು ಧಾರಾವಾಹಿಯ ಕಥೆಗಾರನಿಗೆ ಹನ್ನೊಂದು ಪುಟದ ಮಹಾಮನವಿ ಬರೆದ. ಈ ಎಂಜಿನಿಯರನ ಹುಬ್ಬು ಗಂಟಿಕ್ಕಲು ಕಾರಣವೇನು, ಇವನಿಗೂ ತಾಯಿ ಇಲ್ಲವೇ, ಏರಿದ ಒತ್ತಡ ಒಮ್ಮೆ ಇಳಿಯಬಾರದೇ, ಇಂಥ ಪಾತ್ರವನ್ನು ಹಾಳುಗೆಡಹುವುದು ಕಲಾದ್ರೋಹವಲ್ಲವೇ ಇತ್ಯಾದಿ. ಅತ್ತೆ ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತಕ್ಕೆ ನಾಲ್ಕು ಅಂಕ ಕೊಟ್ಟು, ಕಳಿಸಲು ಅಪ್ಪಣೆ ದಯಪಾಲಿಸಿದರು.

ಎಂಟೇ ದಿನದಲ್ಲಿ ಉತ್ತರವಾಗಿ ಮೂರು ಪುಟ ಸಂಭಾಷಣೆ ಬಂತು! ಪಾತ್ರಕ್ಕೆ ಹೆಸರು ಬಂದಿತ್ತು. ದೂರದ ಗ್ರಹದಲ್ಲಿ ಒಬ್ಬ ತಾಯಿ ಹುಟ್ಟಿಕೊಂಡಿದ್ದಳು. ಎಂಜಿನ್ ಕೋಣೆಯಲ್ಲಿ ಅವನು ಗುಟ್ಟಾಗಿ ಸಾಕಿದ ಗಿಡವೊಂದು ಕುಂಡದಲ್ಲಿ ಚಿಗುರಿತ್ತು. ಅಳಿಯ ಕುರ್ಚಿಯ ಮೇಲೆ ಹತ್ತಿ ನಿಂತು ಓದಿದ:

"'ನಾಳೆಯಿಂದ ಈ ಗಿಡಕ್ಕೆ ನೀವು ನೀರು ಹಾಕ್ತೀರಾ, ಕ್ಯಾಪ್ಟನ್?' ಆಹಾ, ಎಂಥ ಸಾಲು!"

ಅರ ನಿಂತಿತು. "ಯಾಕ್ರೀ, ನಾಳೆ ನೀವೆಲ್ಲಿ ಹೋಗ್ತೀರಿ?"

"ಅದು ಭಾವ ಕಣೇ! ಹಲ್ಲು ಉಜ್ಜೋರಿಗೆ ಅರ್ಥವಾಗಲ್ಲ."

"ನಾಲ್ಕನೇ ಪುಟ ಎಲ್ಲಿ?" ಎಂದರು ಅತ್ತೆ, ಮೂರನೇ ಪುಟದ ಕೊನೆಯಲ್ಲಿದ್ದ 'ಮುಂದುವರಿಯುವುದು' ಎಂಬುದನ್ನು ನೋಡಿ.

"ಅದನ್ನ ಶೂಟಿಂಗ್ ದಿನಾನೇ ಕೊಡೋದು ಅತ್ತೆ. ಕಥೆ ಹೊರಗೆ ಹೋಗಬಾರದಲ್ಲ."

"ಕಳೆದ ವರ್ಷ ಆ ನೌಕೆಯ ಅಡುಗೆಯವನು ಮಗಳ ಫೋಟೊ ತೆಗೆದು ತೋರಿಸಿದಾಗ, 'ಇವನು ಹೋದ, ಇನ್ನು ಹತ್ತು ನಿಮಿಷ' ಅಂತ ಗಡಿಯಾರ ಇಟ್ಟು ಹೇಳಿದವರು ನೀವೇ ಅಲ್ಲವೇ?"

"ಅವನು ಅಡುಗೆಯವನು. ನಾನು ತಾಂತ್ರಿಕ ಸಿಬ್ಬಂದಿ."

ಅತ್ತೆ ಮತ್ತೆ ಪತ್ರಿಕೆಯ ಹಿಂದೆ ಹೋದರು. ದಡ್ಡ ವಿದ್ಯಾರ್ಥಿಗೆ ಎರಡು ಸಲ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಶೂಟಿಂಗ್ ದಿನ ಕಿಟಕಿಯಲ್ಲಿದ್ದ ಅತ್ತೆಯ ಅಗಲ ಎಲೆಯ ಗಿಡವನ್ನು ಅವನು ಎತ್ತಿಕೊಂಡ. ಪ್ಲಾಸ್ಟಿಕ್ ಗಿಡದ ಮುಂದೆ ಅವನಿಗೆ ಅಳು ಬರುವುದಿಲ್ಲವಂತೆ. "ಒಂದು ಎಲೆ ಉದುರಿದ್ರೂ ನೀವು ಅಲ್ಲೇ ಇದ್ದುಬಿಡಿ," ಎಂದು ಅತ್ತೆ ಹರಸಿ ಕಳಿಸಿದರು.

ನಾಲ್ಕನೇ ಪುಟವನ್ನು ಕೈಗಿಟ್ಟವಳು ಮೇಕಪ್ಪಿನ ಹೆಂಗಸು. ಅವಳ ಮುಖದಲ್ಲಿ ಆಸ್ಪತ್ರೆಗೆ ನೋಡಲು ಬಂದವರ ಕಳೆಯಿತ್ತು. ಗಿಡ ಕ್ಯಾಪ್ಟನ್ ಕೈ ಸೇರುತ್ತದೆ, ಎಂಜಿನ್ ಕೋಣೆಯ ಬಾಗಿಲು ಮುಚ್ಚುತ್ತದೆ, ಎಂಜಿನಿಯರು ಒಳಗೇ ಉಳಿಯುತ್ತಾನೆ, "ಒತ್ತಡ ಇಳೀತು, ಕ್ಯಾಪ್ಟನ್" ಎನ್ನುತ್ತಾನೆ, ಬೆಂಕಿ, ಹೊಗೆ.

ಅವನು ಕಥೆಗಾರನ ಬಳಿ ಓಡಿದ. "ಸಾರ್, ಹಿಂಬಾಗಿಲಿಂದ ಪಾರಾಗೋ ಹಾಗೆ ಏನಾದ್ರೂ..."

"ಹಿಂಬಾಗಿಲಿನ ಆಚೆ ಶೂನ್ಯ ಸಾರ್," ಎಂದ ಕಥೆಗಾರ, ಅವನ ಎರಡೂ ಕೈ ಹಿಡಿದುಕೊಂಡು. "ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಯಾರನ್ನ ಸಾಯಿಸೋದು ಅಂತ ತಲೆ ಕೆಡಿಸ್ಕೊಂಡಿದ್ದೆ. ನಿಮ್ಮ ಪತ್ರ ಬರದಿದ್ರೆ ನೀವಿದ್ದೀರಿ ಅನ್ನೋದೇ ನೆನಪಾಗ್ತಿರಲಿಲ್ಲ!"

ಆ ಕಂತು ಬಂದ ಸಂಜೆ ಬೀದಿಯೆಲ್ಲ ಅತ್ತಿತು. ಹಾಲಿನವನು ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಬಂದ. ಹೆಂಡತಿ ಕಣ್ಣೊರೆಸಿಕೊಂಡಾಗ ಅಳಿಯನ ಎದೆ ಉಬ್ಬಿತು.

"ಅಷ್ಟು ಚೆನ್ನಾಗಿ ಸತ್ತೆನಾ?"

"ಅದಕ್ಕಲ್ಲ. ನಾಳೆಯಿಂದ ದಿನವಿಡೀ ಮನೇಲೇ ಇರ್ತೀರಲ್ಲ ಅಂತ."

ಇದ್ದ. ಹನ್ನೆರಡು ದಿನ ಇದ್ದ. ತಾನು ಸತ್ತ ದೃಶ್ಯವನ್ನು ಎಪ್ಪತ್ತು ಸಲ ತೋರಿಸಿದ. ಕಟ್ಟುಹಲ್ಲುಗಳ ನಡುವೆ ನಿಂತು ವಿಷಾದದ ನಗೆ ಅಭ್ಯಾಸ ಮಾಡಿದ. ಇನ್ನೊಂದು ದಿನ ಹೀಗೇ ಆದರೆ ತಾನೇ ಆ ನೌಕೆ ಹತ್ತಿ ಹೋಗುವುದಾಗಿ ಹೆಂಡತಿ ಹೇಳುತ್ತಿದ್ದಾಗ ಫೋನು ಬಂತು. ಕಥೆಗಾರ!

"ಸಾರ್, ಜನ ಹುಚ್ಚೆದ್ದು ಪತ್ರ ಬರೀತಿದಾರೆ. ವಾಪಸು ಬೇಕಂತೆ. ನಾಳೆಯಿಂದ ಪ್ರತಿ ಕಂತಿನಲ್ಲೂ ಇರಬೇಕು. ಕ್ಯಾಪ್ಟನ್ ಮನಸ್ಸು ಬಿಚ್ಚಿ ಮಾತಾಡೋದೆಲ್ಲ ಅದರ ಜೊತೆಗೇ."

"ಅದರ?"

"ಗಿಡದ ಜೊತೆ ಸಾರ್. ಬೇರೆ ಗಿಡ ಇಟ್ರೆ ಜನ ಕಂಡುಹಿಡೀತಾರೆ. ಬೆಳಿಗ್ಗೆ ಕಾರು ಕಳಿಸ್ತೀವಿ."

"ಗಿಡ ಒಂದೇ ಹೇಗೆ ಬರುತ್ತೆ? ನಾನೂ..."

"ಹೌದೌದು, ಯಾರಾದ್ರೂ ತೊಡೆ ಮೇಲೆ ಇಟ್ಕೊಂಡು ಬರಲೇಬೇಕು. ನೀವಾದ್ರೂ ಪರವಾಗಿಲ್ಲ."

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಕಾರು ನಿಂತಿತು. ಮೂರು ವರ್ಷ ಬಸ್ಸಿನಲ್ಲಿ ಜೋತಾಡುತ್ತ ಹೋಗುತ್ತಿದ್ದವನು ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತ. ಚಾಲಕ ಗಿಡಕ್ಕೆ ಬಿಸಿಲು ತಾಗದಂತೆ ಪರದೆ ಎಳೆದ.

ಅತ್ತೆ ಕಿಟಕಿಯ ಬಳಿ ಬಗ್ಗಿ ಎಲೆಗಳನ್ನು ಎಣಿಸಿದರು. ಆಮೇಲೆ ಕನ್ನಡಕದ ಮೇಲಿನಿಂದ ಅಳಿಯನನ್ನು ನೋಡಿದರು.

"ಅಳಿಯಂದಿರೇ, ಈ ಗಿಡದ ಪ್ರತಿಭೆ ವ್ಯರ್ಥವಾಗ್ತಿದೆ ಅಂತ ಯಾರಿಗೂ ಪತ್ರ ಗಿತ್ರ ಬರೀಬೇಡಿ. ನನ್ನ ಹತ್ತಿರ ಇರೋದು ಇದೊಂದೇ."