ಎಲಿ ಕೆಳಗಿಡದ ಮಾಸ್ತರ

"ನಂಬರ್ ಬಿಡ್ರಿ. ಹಳೇ ಊರಾಗ ಯಾವ ಓಣಿಯವರು ಅವರು?"

ನವನಗರದಲ್ಲಿ, ಒಂದೇ ಅಚ್ಚಿನಿಂದ ತೆಗೆದಂತಿದ್ದ ಮನೆಗಳ ನಡುವೆ ಚೀಲ ಹೊತ್ತು ನಿಂತಿದ್ದ ನನ್ನನ್ನು ಒಬ್ಬ ಹಿರಿಯರು ಹೀಗೆ ಕೇಳಿದರು. ಕೈರೋದ ಗಲ್ಲಿಗಳಲ್ಲಿ ದಾರಿ ತಪ್ಪದವಳು ನಾನು. ಅಕ್ಕನ ಮನೆ ಸಿಗದೆ ಅದೇ ನೀರಿನ ಟಾಕಿಯನ್ನು ಮತ್ತೆ ಮತ್ತೆ ಸುತ್ತುತ್ತಿದ್ದೆ. ಇಂಥವು ನನಗೆ ಪರದೇಶದಲ್ಲಿ ಆಗುವುದಿಲ್ಲ. ಬಾಗಲಕೋಟೆ ಬಸ್ಸು ಇಳಿದ ಕೂಡಲೇ ಶುರುವಾಗುತ್ತವೆ.

"ಓಣಿ ಯಾಕ್ರಿ ಕಾಕಾ? ಚೀಟ್ಯಾಗ ನಂಬರ್ ಐತಿ."

"ನಂಬರ್ ಹಿಡದು ಹುಡುಕಾಕ ಇದೇನು ಜೇಲೇನ್ರಿ? ಮನಿ ಯಾರದು?"

"ನಮ್ಮ ಅಕ್ಕಂದು."

"ಅಕ್ಕಗ ಗಂಡ ಅದಾನಿಲ್ಲೋ? ಅವನ ಹೆಸರು ಹೇಳ್ರಿ."

"ನಂಬರ್ ಇದ್ದ ಮ್ಯಾಲ ಹೆಸರು ಯಾಕ ಬೇಕ್ರಿ?" ಎಂದೆ. ಜಗತ್ತು ಸುತ್ತಿದವಳ ಠೇಂಕಾರ, ಏನು ಮಾಡೋದು.

ಅವರು ನಿಟ್ಟುಸಿರು ಬಿಟ್ಟರು. "ನಂದು ಉಲ್ಟಾ. ಮೊನ್ನೆ ಇಳಕಲ್ಲಿನ ಮಗಳ ಮನಿಂದ ಬಂದೇನಿ, ಗೆಳ್ಯಾನ ಹುಡುಕಾಕತ್ತೇನಿ. ಹೆಸರು ಐತಿ, ನಂಬರ್ ಇಲ್ಲ."

ಅಂದಾಜಿನ ಮೇಲೆ ಅಲ್ಲಿ ಇಲ್ಲಿ ತಿರುಗಾಡಿಸಿ, ಕೊನೆಗೆ ಸರಿಯಾದ ಸೆಕ್ಟರಿನ ಬೋರ್ಡಿನ ಕೆಳಗೆ ನನ್ನನ್ನು ನಿಲ್ಲಿಸಿದರು. ಚಹಾಕ್ಕೆ ಕರೆದೆ. "ಇವತ್ತ ಬ್ಯಾಡ. ಒಂದು ಚಾ ನಿಮ್ಮ ಮ್ಯಾಲ ಬಾಕಿ," ಎಂದು ಹೊರಟವರು ತಿರುಗಿ ನನ್ನ ಅಂಗಿ ನೋಡಿದರು. "ತೋಳು ಎರಡು ಬಟ್ಟು ಉದ್ದ ಆಗ್ಯಾವ. ಯಾವ ದೇಶದಾಂವ ಹೊಲದಾನ?"

ಪಂಕ್ತಿಯ ಮರ್ಯಾದೆ

ಅಕ್ಕನ ಗಂಡ, ಅಂದರೆ ನಮ್ಮ ಭಾವ, ನಿವೃತ್ತ ಗಣಿತ ಮಾಸ್ತರ. ಹಳೇ ಊರಿನಲ್ಲಿ ಭಾನುವಾರವೆಂದರೆ ಟೇಲರ್ ಗೆಳೆಯನ ಅಂಗಡಿಯಲ್ಲಿ ಇಸ್ಪೀಟು. ಅಣೆಕಟ್ಟಿನ ಹಿನ್ನೀರು ಬಂದು ಊರು ಮುಳುಗಿತು, ಆಟದ ಮಂಡಳಿ ದಿಕ್ಕಾಪಾಲಾಯಿತು. ಟೇಲರ್ ಮಗಳ ಊರು ಸೇರಿದ. ಭಾವ ಹೊಸ ಮನೆಯಲ್ಲಿ ಕಂಪೌಂಡ್ ಗೋಡೆ ನೋಡುತ್ತ ಕೂತರು, ಕೂತೇ ಇದ್ದರು.

"ಏನರ ಮಾಡವಾ," ಅಕ್ಕ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. "ಮನಿ ಮುಳಗಿದ್ದು ಸಾಕು. ಇವರೂ ಮುಳಗಾಕತ್ತಾರ."

ಏನಾದರೂ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸೈಬರ್ ಕೆಫೆ ಹೊಸದಾಗಿ ಶುರುವಾಗಿತ್ತು. ಅಲ್ಲಿ ಆನ್‌ಲೈನ್ ಪೋಕರ್, ದುಡ್ಡಿನ ಬದಲು ಪುಕ್ಕಟೆ ಬಿಲ್ಲೆಗಳ ಇಸ್ಪೀಟು. ಸೋತರೆ ಬೆಳಿಗ್ಗೆ ಮತ್ತೆ ಬಿಲ್ಲೆ ಕೊಡುತ್ತಿದ್ದರು. ಅಂಗಡಿಯ ಹುಡುಗಿ ಹೊಸಬರಿಗೆಂದು ಎಲ್ಲ ಕಂಪ್ಯೂಟರಿನಲ್ಲೂ, ಒತ್ತಿದರೆ ಒಂದೇ ಆಟದ ಟೇಬಲ್ಲಿಗೆ ಹೋಗುವ ಗುರುತು ಇಟ್ಟಿದ್ದಳು.

"ಲೆಕ್ಕದ ಆಟ ಐತ್ರಿ ಭಾವಾ. ಒಂದು ಸಲ ನೋಡಿ ಬರೂಣು," ಎಂದು ಎಳೆದೊಯ್ದೆ. ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು. ಕೈ ಚೆನ್ನಾಗಿಲ್ಲದಿದ್ದರೆ ಎಲೆ ಕೆಳಗಿಟ್ಟು ಸುಮ್ಮನಿರಬೇಕು. ಹೊಸಬರಿಗೆ ಬಾರದ ವಿದ್ಯೆ ಅದೊಂದೇ. ಭಾವ ಮನಸ್ಸಿನಲ್ಲೇ ಭಾಗಾಕಾರ ಮಾಡಿ, "ಗೆಲ್ಲೂ ಸಾಧ್ಯತೆ ಇಲ್ಲಾ ಅಂದ್ರೂ ನಡೀತೈತಿ," ಎನ್ನುವರು. ಆದರೂ ಬಿಲ್ಲೆ ಮುಂದೆ ಸರಿಸುವರು.

"ಎಲಿ ಇಡ್ರಲ್ಲ ಕೆಳಗ!"

"ಹೆಂಗ ಇಡ್ಲಿ? ಪಂಕ್ತಿಗೆ ಕುಂತ ಮ್ಯಾಲ ನಡಬರಕ ಏಳಬಾರದು. ನೀಡಿದಾಂವಗ ಅವಮಾನ."

"ನೀಡಿದ್ದು ಕಂಪ್ಯೂಟರ್ರಿ."

"ಅದಕ್ಕೂ ಮರ್ಯಾದಿ ಇರ್ತೈತಿ."

ಆ ದಿನ ಭಾವ ಮರ್ಯಾದೆ ಒಂದನ್ನು ಬಿಟ್ಟು ಉಳಿದಿದ್ದೆಲ್ಲ ಕಳೆದುಕೊಂಡು ಬಂದರು.

ಯಾವೂರು, ಎಷ್ಟು ಮಕ್ಕಳು

ಮರುದಿನ ಎದುರಿಗೆ ನಾರ್ವೆಯವನೊಬ್ಬ. ಪರಿಚಯ ಮಾಡಿಕೊಳ್ಳದೆ ಆಡುವುದು ಹೇಗೆ? ಪರದೆಯ ಮೂಲೆಯಲ್ಲಿ ಮಾತು ಬರೆಯುವ ಡಬ್ಬಿ ಇದೆ ಎಂದು ತೋರಿಸಿದ್ದು ನನ್ನದೇ ತಪ್ಪು. ಭಾವ ಒಂದೇ ಬೆರಳಿನಲ್ಲಿ, ಮಾಸ್ತರರ ಇಂಗ್ಲಿಷಿನಲ್ಲಿ, ಒತ್ತಕ್ಷರ ಬರೆಯುವಷ್ಟು ಜೋಪಾನವಾಗಿ ಶುರುಮಾಡಿದರು: ನಮಸ್ಕಾರ, ಯಾವೂರು, ಎಷ್ಟು ಮಕ್ಕಳು, ಮಳೆ ಹೇಗಿದೆ. ಸರದಿಯ ಹೊತ್ತು ತೋರಿಸುವ ಪಟ್ಟಿ ಕರಗುತ್ತಿತ್ತು. ಸರದಿ ಮೀರಿ ಯಂತ್ರವೇ ಅವರ ಎಲೆ ಎಸೆಯಿತು.

"ಮಾತು ಮುಗಿಯೂದ್ರಾಗ ಕಸಗೊಂಡ್ರಲ್ಲ!"

ಅಷ್ಟರಲ್ಲಿ ಉತ್ತರ ಬಂತು. ಮಕ್ಕಳು ಇಬ್ಬರು, ಮಳೆ ಇಲ್ಲ, ಬರೇ ಹಿಮ. ಅದನ್ನು ಬರೆಯುತ್ತ ಕೂತು ನಾರ್ವೆಯವನೂ ಸರದಿ ಕಳೆದುಕೊಂಡಿದ್ದ.

ರಾತ್ರಿ ಊಟಕ್ಕೆ ಭಾವ ಇನ್ನೊಂದು ರೊಟ್ಟಿ ಕೇಳಿದರು. "ಭಾಳ ಛಲೋ ಮನಿತನದ ಹುಡುಗ," ಎಂದು ಅಕ್ಕನಿಗೆ ಹೇಳಿದರು. "ನನ್ನ ಸಲುವಾಗಿ ಸೋತ!"

ಅಕ್ಕ ಒಂದು ಗುಂಡಿ ಒತ್ತಿದ್ದು

ಈಗ ನನಗಿಂತ ಮೊದಲು ಭಾವನೇ ಚಪ್ಪಲಿ ಮೆಟ್ಟಿ ನಿಲ್ಲತೊಡಗಿದರು. ಅಕ್ಕನಿಗೆ ಖುಷಿಯೂ ಆಯಿತು, ಸಂಶಯವೂ ಬಂತು. ಒಂದು ಸಂಜೆ ನೇರ ಕೆಫೆಗೆ ಬಂದಳು.

"ಸಾರು ಆರಾಕತ್ತೈತಿ. ಬಂದ್ ಮಾಡ್ರಿ ಇದನ್ನ!" ಎಂದವಳೇ, ಬಂದ್ ಮಾಡುವುದು ಇದೇ ಇರಬೇಕೆಂದು ಎಲ್ಲಕ್ಕಿಂತ ದೊಡ್ಡ ಗುಂಡಿ ಒತ್ತಿಬಿಟ್ಟಳು. ಅದು ಇದ್ದಬಿದ್ದ ಬಿಲ್ಲೆಯನ್ನೆಲ್ಲ ಒಟ್ಟಿಗೆ ಪಣಕ್ಕಿಡುವ ಗುಂಡಿ. ಭಾವನ ಕೈಯಲ್ಲಿ ಎಕ್ಕವೂ ಇಲ್ಲ, ರಾಜನೂ ಇಲ್ಲ. ಆದರೆ ಬ್ರೆಜಿಲ್, ಕೆನಡಾ, ನಾರ್ವೆ, ಎಲ್ಲರೂ ಹೆದರಿ ಎಲೆ ಕೆಳಗಿಟ್ಟರು.

"ಹೆಂಗ ಗೆದ್ದಿ?" ಭಾವ ಬೆರಗಾಗಿ ಕೇಳಿದರು.

"ಅದರಾಗೇನೈತಿ? ಜೋರಾಗಿ ದನಿ ಮಾಡಿದ್ರ ಡಬ್ಬ್ಯಾಗ ಕಾಳಿಲ್ಲಂತ ಯಾರಿಗೂ ಗೊತ್ತಾಗೂದಿಲ್ಲ. ಇಷ್ಟು ವರ್ಷ ಮನಿ ನಡಿಸಿದ್ದ ಹಂಗ," ಎಂದಳು ಅಕ್ಕ.

ಪ್ಲೈವುಡ್ಡಿನ ಆಚೆ

ಭಾವನಿಗೆ ಒಂದು ಚಟ ಮಾತ್ರ ಹೋಗಲಿಲ್ಲ. ಎಲೆ ಬಂದೊಡನೆ ಜೋರಾಗಿ ಓದುವುದು. ಬ್ರೆಜಿಲಿನವನಿಗೆ ಅದು ಕೇಳಿಸುವುದಿಲ್ಲವಲ್ಲ ಎಂದು ನಾನೂ ಸುಮ್ಮನಿದ್ದೆ.

ಒಂದು ಮಧ್ಯಾಹ್ನ ಟೇಬಲ್ಲಿಗೆ ಹೊಸಬನೊಬ್ಬ ಸೇರಿದ. ಭಾವ "ಜೋಡಿ ರಾಜಾ!" ಎಂದು ಕೂಗಿದರೆ ಅವನು ತಕ್ಷಣ ಎಲೆ ಕೆಳಗಿಡುವನು. ಭಾವ "ಥೂ, ದರಿದ್ರ ಎಲಿ" ಅಂದರೆ ಬಿಲ್ಲೆ ಏರಿಸುವನು.

"ಇಂವ ಭಾಳ ಶಾಣ್ಯಾ ಅದಾನ," ಎಂದರು ಭಾವ.

"ಶಾಣ್ಯಾ ಅಲ್ರಿ, ಇಲ್ಲೇ ಎಲ್ಲೋ ಅದಾನ! ಬಾಯಿ ಬಿಡಬ್ಯಾಡ್ರಿ. ಕೈಯಾಗ ಏನೂ ಇಲ್ಲದಾಗ ಅಕ್ಕನ ಗುಂಡಿ ಒತ್ತಿ ಗಪ್ಪ ಕೂಡ್ರಿ."

ಭಾವ ಕೆಲಸಕ್ಕೆ ಬಾರದ ಎರಡು ಎಲೆಯ ಮೇಲೆ ಎಲ್ಲ ಬಿಲ್ಲೆ ಸುರಿದು ಉಸಿರು ಬಿಗಿಹಿಡಿದರು. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆಗ ಪಕ್ಕದ ಕ್ಯಾಬಿನ್ನಿನಿಂದ ದನಿ ಬಂತು.

"ಉಸಿರು ಬಿಡೋ ಮಾಸ್ತರ! ಇಷ್ಟು ಗಪ್ಪ ಕುಂತೀ ಅಂದ್ರ ನಿನ್ನ ಕೈಯಾಗ ಏನೂ ಇಲ್ಲ!"

ಭಾವ ಕುರ್ಚಿಯ ಮೇಲೆ ಹತ್ತಿ ನಿಂತರು. "ಲೇ ಟೇಲರಾ! ಇಳಕಲ್‌ನಾಗ ಇದ್ದೆಲ್ಲೋ!"

"ಬಂದು ಭಾಳ ದಿನ ಆತು. ನಿನ್ನ ಮನಿ ಸಿಗವಲ್ದು. ಇಸ್ಪೀಟ ಎಲ್ಲಿ ಆಡ್ತಾರ ಅಂತ ಕೇಳಕೋತ ಬಂದೆ. ಅಲ್ಲೇ ಇರ್ತಿ ಅಂತ ಗೊತ್ತಿತ್ತು. ಅರ್ಧಾ ತಾಸಿನಿಂದ ನಿನ್ನ ದನಿ ಕೇಳಾಕತ್ತೇನಿ."

"ಮತ್ತ ಮಾತಾಡಸಬಾರದೇನಲೇ?"

"ಗೆಲ್ಲಾಕತ್ತಿದ್ದೆ. ಮೊದಲ ಗೆದ್ದು, ಆಮ್ಯಾಲ ಅಪ್ಪಿಕೊಂಡ್ರಾತು ಅಂದೆ."

ಇಬ್ಬರೂ ನಡುವಿನ ಪ್ಲೈವುಡ್ ಗೋಡೆಯ ಮೇಲಿಂದಲೇ ಅಪ್ಪಿಕೊಂಡರು. "ಮುರೀತೈತ್ರಿ, ಹೊರಗ ಬಂದು ಅಪ್ಪಿಕೊಳ್ರಿ!" ಎಂದು ಹುಡುಗಿ ಚೀರಿದಳು. ಭಾವ ಕಣ್ಣೊರೆಸಿಕೊಂಡು ಆಟ ಅರ್ಧಕ್ಕೇ ಬಿಟ್ಟು ಎದ್ದರು.

"ಪಂಕ್ತಿ ಭಾವಾ?"

"ಮನಿಗೆ ಮಂದಿ ಬಂದಾಗ ಏಳಬಹುದು," ಎಂದರು.

ಕ್ಯಾಬಿನ್ನಿನಿಂದ ಹೊರಬಂದ ಮುಖ ನೋಡಿ ನಾನು ಎರಡೂ ಕೈ ಬೆನ್ನ ಹಿಂದೆ ಮುಚ್ಚಿಟ್ಟೆ. ಟೇಲರ್ ಕಾಕಾ ಬಿಡುವವರಲ್ಲ. "ತೋರಸ್ರಿ ಇಲ್ಲೆ. ಹೌದಲ್ಲ, ಅದ ಎರಡು ಬಟ್ಟು ಉದ್ದನ್ನ ತೋಳು!"

ಮನೆಯಲ್ಲಿ ಕಥೆಯೆಲ್ಲ ಕೇಳಿ ಅಕ್ಕ ಹೊಟ್ಟೆ ಹಿಡಿದು ನಕ್ಕಳು. "ಅವತ್ತ ಇವರ ಹೆಸರೊಂದು ಹೇಳಿದ್ರ ಅವತ್ತ ಸಂಜೀಕ ಮುಗೀತಿತ್ತಲ್ಲ! ಅದಕ್ಕ ನಾರ್ವೇ ತನಕಾ ಹೋಗಿ ಬರಬೇಕಿತ್ತಾ?"

ನಾನು ಚಹಾ ತಂದು ಕಾಕಾನ ಮುಂದಿಟ್ಟೆ. "ತಗೋರಿ, ನಿಮ್ಮ ಬಾಕಿ ಚುಕ್ತಾ ಆತು."

ಅವರು ಕಪ್ಪಿನ ಬಸಿಗೆ ಸುರಿದು ಒಂದು ಗುಟುಕು ಕುಡಿದರು. ಭಾವ ಆಗಲೇ ಇಸ್ಪೀಟಿನ ಹಳೇ ಕಟ್ಟು ಹುಡುಕಿ ತಂದು ಎಲೆ ಹಂಚುತ್ತಿದ್ದರು.

"ಚುಕ್ತಾ ಹೆಂಗ್ರಿ?" ಎಂದರು ಕಾಕಾ. "ಅವತ್ತ ನೀವು ಹೆಸರು ಹೇಳಲಿಲ್ಲಂತ ಕಾದವರು ಇಬ್ಬರು. ಮಾಸ್ತರಗೂ ಒಂದು ತರ್ರಿ."

ಇನ್ನೊಂದು ಕಪ್ಪು ತಂದಿಟ್ಟೆ.