ದೇವರಿಗೆ ದಾರಿ ಹೇಳುವ ದೊಡ್ಡಮ್ಮ

ಆ ಶನಿವಾರ ನಾನು ಮಾಡಿದ ಕೆಲಸಗಳು: ನಲ್ಲಿ ನೀರು ಹಿಡಿದೆ. ಎರಡು ಸೀರೆ ಒಗೆದೆ. ಅಕ್ಕಿ ಕೇರಿದೆ. ಸೀಮೆಎಣ್ಣೆ ಸ್ಟೌವಿನ ಬತ್ತಿ ಕತ್ತರಿಸಿದೆ. ಯಜಮಾನರ ಕನ್ನಡಕ ಒರೆಸಿ ಅದೇ ಜಾಗದಲ್ಲಿಟ್ಟೆ. ಅವರು ತೀರಿಕೊಂಡು ಮೂರು ತಿಂಗಳಾಗಿತ್ತು. ಕನ್ನಡಕಕ್ಕೆ ಧೂಳು ಹಿಡಿಯುವುದು ಮಾತ್ರ ನಿಂತಿರಲಿಲ್ಲ. ಪ್ರಾರ್ಥನೆ? ಅದನ್ನು ಮಾಡಲಿಲ್ಲ. ಮಂಡಿಯೂರಿದರೆ ಬಾಯಿಗೆ ಒಂದು ಮಾತೂ ಬರುತ್ತಿರಲಿಲ್ಲ. ಮಲಗಿದರೆ ನಿದ್ದೆಯೂ ಅಷ್ಟೇ.

ಸಂಜೆ ನಾಲ್ಕೂವರೆಗೆ ನಮ್ಮ ನಂಜನಗೂಡಿಗೆ ಬಂದ ಟಿ. ನರಸೀಪುರದ ಬಸ್ಸಿನಿಂದ ನಮ್ಮ ದೊಡ್ಡಮ್ಮ ಇಳಿದರು. ಈ ದೊಡ್ಡಮ್ಮ ಇಲ್ಲದಿದ್ದರೆ ನಮ್ಮೆರಡು ತಾಲ್ಲೂಕುಗಳಲ್ಲಿ ದೇವರು ದಾರಿ ತಪ್ಪಿ ಅಲೆಯುತ್ತಿದ್ದ! ಇದು ನನ್ನ ಮಾತಲ್ಲ, ಅವರದೇ ನಂಬಿಕೆ.

ದೊಡ್ಡಮ್ಮ ಹೆರಿಗೆ ನರ್ಸಾಗಿದ್ದವರು. ಬಿಳಿಗೆರೆ, ಹೆಮ್ಮರಗಾಲದ ಕಡೆ ಹಳ್ಳಿಹಳ್ಳಿ ನಡೆದವರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ಕರೆದರೆಂದು ಓಡಿ, ನರಳಾಟ ಕೇಳಿದ ಮನೆಗೆ ನುಗ್ಗಿ, ಬಿಸಿನೀರು ಕಾಯಿಸಿ ಎಂದು ಕೂಗಿ, ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರೆ, ನರಳುತ್ತಿದ್ದದ್ದು ಯಾರು? ಹಲಸಿನಹಣ್ಣು ಹೆಚ್ಚಾಗಿ ತಿಂದಿದ್ದ ಮನೆಯ ಯಜಮಾನ! ಬಸುರಿ ಇದ್ದದ್ದು ಪಕ್ಕದ ಮನೆಯಲ್ಲಿ. ಅವತ್ತಿನಿಂದ ದೊಡ್ಡಮ್ಮ ಹೆಸರು ಆಮೇಲೆ ಕೇಳುತ್ತಿದ್ದರು, ಮನೆಯ ಗುರುತು ಮೊದಲು. ಯಾವ ಬೀದಿ? ಎಷ್ಟನೇ ಮನೆ? ನಾಯಿ ಇದೆಯಾ?

ನಿವೃತ್ತರಾದ ಮೇಲೆ ಆ ಅಭ್ಯಾಸ ಪ್ರಾರ್ಥನೆಗೆ ಬಂತು. ಕಣ್ಣು ಮುಚ್ಚಿದರೆಂದರೆ ಶುರು:

"ಕರ್ತನೇ, ಹೆಮ್ಮರಗಾಲದಲ್ಲಿ ಬಸ್ ಇಳ್ದು ಎಡಕ್ಕೆ ಓಗು. ಮೂರನೇ ಮನೆ, ಹಸಿರು ಬಾಗ್ಲು. ಅಜ್ಜಿಗೆ ಮಂಡಿ ನೋವು. ನಾಯಿ ಕಟ್ಟಾಕಿರಲ್ಲ, ನೋಡ್ಕಂಡ್ ಓಗಪ್ಪ!"

ಒಮ್ಮೆ ಚರ್ಚಿನಲ್ಲಿ ಇದು ಮುಕ್ಕಾಲು ಗಂಟೆ ನಡೆಯಿತು. ಮುಂದಿನ ಬೆಂಚಿನವರು ತೂಕಡಿಸಿದರು, ಹಿಂದಿನವರು ಗೊರಕೆ ಹೊಡೆದರು. ಪಾದ್ರಿ ಅಯ್ಯನವರು ಮೆಲ್ಲಗೆ ಹೇಳಿದರು, "ಅಮ್ಮಾ, ದೇವರು ಎಲ್ಲೆಲ್ಲೂ ಇದ್ದಾನೆ. ಅವನಿಗೆ ಅಡ್ರೆಸ್ ಬೇಕಾಗಿಲ್ಲ."

"ಎಲ್ಲೆಲ್ಲೂ ಅವ್ನೆ ಅಂತ ನಂಗೂ ಗೊತ್ತು ಅಯ್ಯನವ್ರೇ. ಸುಮ್ಕೆ ಇರೋದು ಬೇರೆ, ಓಗಿ ಬಾಗ್ಲು ತಟ್ಟೋದು ಬೇರೆ!"

ಅಯ್ಯನವರು ಗಡಿಯಾರ ನೋಡಿ ಹಾಡಿನ ಪುಸ್ತಕ ತೆರೆದರು.

ಆ ಶನಿವಾರವೂ ದೊಡ್ಡಮ್ಮ ಬಂದ ಸುದ್ದಿ ತಿಳಿದು ನಮ್ಮ ಮನೆ ಓನರಮ್ಮ ಬಂದರು. ಹಣೆ ತುಂಬ ವಿಭೂತಿ, ಕೈಯಲ್ಲಿ ನಾಲ್ಕು ರಸಬಾಳೆ ಹಣ್ಣು.

"ಸಿಸ್ಟರಮ್ಮ, ನಮ್ ಎಮ್ಮೆ ಎರಡು ದಿನದಿಂದ ಮೇವು ಮುಟ್ಟಿಲ್ಲ. ನಿಮ್ ಸ್ವಾಮಿಗೂ ಒಂದ್ ಮಾತು ಹೇಳ್ಬಿಡಿ."

"ನಿಮ್ ನಂಜುಂಡಪ್ಪ ಬೇಜಾರು ಮಾಡ್ಕಳಕಿಲ್ವಾ?"

"ಅವನಿಗೆ ಬೆಳಿಗ್ಗೇನೇ ಹೇಳಿ ಬಂದೀವ್ನಿ ಕಣ್ರೀ!"

"ಸರಿ ಬುಡಿ. ಕೊಟ್ಟಿಗೆ ಬಾಗ್ಲು ಯಾವ ಕಡೆಗದೆ?"

ನನಗೆ ನಗು ಬಂತು. ಮೂರು ತಿಂಗಳಲ್ಲಿ ಮೊದಲ ಸಲ. ಬಂದದ್ದಕ್ಕೆ ನಾಚಿಕೆಯೂ ಆಯಿತು.

ಏಳು ಗಂಟೆಗೆ ಊಟ ಮುಗಿಸಿ, ಚಾಪೆ ಹಾಸಿ ಪ್ರಾರ್ಥನೆಗೆ ಕೂತೆವು. ಎಮ್ಮೆ ಆಯಿತು, ಮಂಡಿನೋವು ಆಯಿತು, ಬಿಳಿಗೆರೆಯ ಬಾಣಂತಿ ಆಯಿತು. ಇದ್ದಕ್ಕಿದ್ದಂತೆ ದೊಡ್ಡಮ್ಮನ ಮಾತು ನಿಂತಿತು. ಕಣ್ಣು ಬಿಟ್ಟು ನೋಡಿದರೆ ಅವರು ಯಜಮಾನರ ಕನ್ನಡಕವನ್ನೇ ನೋಡುತ್ತಿದ್ದರು.

"ನಾನೊಂದು ತಪ್ಪು ಮಾಡ್ಬಿಟ್ಟೆ ಕಣವ್ವಾ. ಅವ್ರು ಮೈಸೂರಾಸ್ಪತ್ರೆಲಿ ಇದ್ದಾಗ ವಾರ್ಡು, ಬೆಡ್ ನಂಬ್ರು ನಂಗೊತ್ತಿರ್ನಿಲ್ಲ. ಎಂಟು ದಿನಾನೂ ಈ ಮನೆ ಅಡ್ರೆಸ್ಸೇ ಹೇಳ್ದೆ. ಕೆರೆ ಬೀದಿ, ನೀಲಿ ಗೇಟು ಅಂತ. ಕರ್ತ ಇಲ್ಲಿಗೆ ಬಂದಿದ್ದ ಅಂತ ಕಾಣ್ತದೆ. ಅಲ್ಲಿ ಅವ್ರು ಹೊಂಟೋದ್ರು."

ಇಷ್ಟು ದಿನ ಇವರು ಯಾಕೆ ನನ್ನ ಮುಖ ನೋಡಲು ಬಂದಿರಲಿಲ್ಲ ಎಂದು ಆಗ ತಿಳಿಯಿತು. ವಾರ್ಡಿನ ನಂಬರು ಹೇಳಬೇಕಾಗಿದ್ದವಳು ನಾನು. ಎಸ್‌ಟಿಡಿ ಬೂತಿನ ಮುಂದೆಯೇ ದಿನಾ ಹಾದುಹೋಗುತ್ತಿದ್ದೆ, ಹೇಳಿರಲಿಲ್ಲ.

ಆ ಎಂಟು ದಿನ ನೆನಪಾದವು. ಗಂಡಸರ ವಾರ್ಡಿನಲ್ಲಿ ರಾತ್ರಿ ಮೈದುನ ಉಳಿಯುತ್ತಿದ್ದ. ನಾನು ಸಂಜೆ ಬಸ್ಸಿಗೆ ನಂಜನಗೂಡಿಗೆ ಬಂದು, ನೀಲಿ ಗೇಟು ತಳ್ಳಿ, ಬೀಗ ತೆಗೆದು, ಕತ್ತಲೆ ಮನೆಯೊಳಗೆ ಒಬ್ಬಳೇ ಕಾಲಿಡುತ್ತಿದ್ದೆ. ಎದೆ ಒಡೆಯಬೇಕಿತ್ತು. ಒಡೆಯಲಿಲ್ಲ. ಅನ್ನ ಬೇಯಿಸಿಕೊಂಡು ತಿಂದೆ. ಮಲಗಿದೆ, ನಿದ್ದೆಯೂ ಬಂತು. ಅದು ಹೇಗೆ ಸಾಧ್ಯವಾಯಿತೆಂದು ನನಗೇ ಗೊತ್ತಿರಲಿಲ್ಲ. ಅಷ್ಟು ನೆಮ್ಮದಿಯಾಗಿ ಮಲಗಿದೆನಲ್ಲ ಎಂದು ನನ್ನನ್ನೇ ಬೈದುಕೊಂಡಿದ್ದೆ.

"ಅಡ್ರೆಸ್ ತಪ್ಪಿರಲಿಲ್ಲ ದೊಡ್ಡಮ್ಮ," ಎಂದೆ. "ಆ ಮನೇಲಿ ನಾನಿದ್ದೆ."

ದೊಡ್ಡಮ್ಮ ಮೂಗು ಒರೆಸಿಕೊಂಡು, ನನ್ನ ಕೈ ಹಿಡಿದುಕೊಂಡೇ ಪ್ರಾರ್ಥನೆಯಲ್ಲಿ ಮುಂದಿನ ಹಳ್ಳಿಗೆ ಹೊರಟರು. ಎರಡು ಮನೆ ದಾಟುವಷ್ಟರಲ್ಲಿ ತಲೆ ನನ್ನ ಭುಜಕ್ಕೆ ವಾಲಿತು. ಆಮೆನ್ ಹಾಗೇ ಉಳಿಯಿತು. ಅಷ್ಟು ವಿಳಾಸಗಳಲ್ಲಿ ಅವರ ಸ್ವಂತದ್ದೊಂದು ಬಂದಿರಲೇ ಇಲ್ಲ. ಅವತ್ತಷ್ಟೇ ಅಲ್ಲ, ಎಂದೂ ಬಂದದ್ದು ನನಗೆ ನೆನಪಿಲ್ಲ. ಇನ್ನು ಯಾರು ಹೇಳಬೇಕು?

"ಕರ್ತನೇ," ಎಂದೆ. "ಟಿ. ನರಸೀಪುರದ ಮನೆಗೆ ಹೋಗಬೇಡ, ಬೀಗ ಹಾಕಿದೆ. ದೊಡ್ಡಮ್ಮ ಇಲ್ಲೇ ಇದ್ದಾರೆ. ಕೆರೆ ಬೀದಿ, ನೀಲಿ ಗೇಟು. ನಾಯಿ ಇಲ್ಲ. ಆಮೆನ್."

ಆ ದಿನದ ಊಟ: ಮುದ್ದೆ, ಹುರುಳಿಕಾಳಿನ ಬಸ್ಸಾರು, ಓನರಮ್ಮನ ರಸಬಾಳೆ ತಲೆಗೆ ಎರಡು. ಮೊದಲು ಮಲಗಿದ್ದು ದೊಡ್ಡಮ್ಮ. ಆಮೇಲೆ ನಾನು, ನಿದ್ದೆಗೆ ಬಹಳ ಹೊತ್ತೇನೂ ಹಿಡಿಯಲಿಲ್ಲ.